ವರದಿಗಾರನ ತನಿಖೆಯಿಂದ ಶಿಕ್ಷೆ ರದ್ದಾಗಬಲ್ಲದೇ?

ಪ್ರಶ್ನೆ: ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶಿಸಿ ನಟಿಸಿರುವ ‘ಟ್ರೂ ಕ್ರೈಮ್’ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಮರಣದಂಡನೆಗೆ ಕೆಲವೇ ಗಂಟೆಗಳು ಉಳಿದಿರುವಾಗ ವರದಿಗಾರನೊಬ್ಬ ಹಳೆಯ ಪ್ರಕರಣವನ್ನು ಕೆದಕಿ, ನಿರಪರಾಧಿಯೊಬ್ಬನ ಪ್ರಾಣ ಉಳಿಸುತ್ತಾನೆ. ನಿಜ ಜೀವನದಲ್ಲಿ ಹೀಗೆ ನಡೆಯಲು ಸಾಧ್ಯವೇ?

ಉತ್ತರ: ವರದಿಗಾರರ ತನಿಖೆಯಿಂದಾಗಿ ಜೈಲಿನಲ್ಲಿದ್ದ ನಿರಪರಾಧಿಗಳು ಹೊರಬಂದ ಉದಾಹರಣೆಗಳು ಅಮೆರಿಕದಲ್ಲಿ ಇವೆ. ಆದರೆ ಅವು ಒಂದು ಹಗಲು, ಒಂದು ರಾತ್ರಿಯಲ್ಲಿ ಮುಗಿದ ಕೆಲಸಗಳಲ್ಲ. ವರದಿಗಾರ ಬರೆದ ಮಾತ್ರಕ್ಕೆ ತೀರ್ಪು ಬಿದ್ದುಹೋಗುವುದೂ ಇಲ್ಲ. ಮುಂದೆ ಚಿತ್ರದ ಕೊನೆಯನ್ನೂ ಪ್ರಸ್ತಾಪಿಸಬೇಕಾಗುವುದರಿಂದ, ನೋಡದವರು ಮೊದಲು ನೋಡಿಬಿಡುವುದು ಒಳ್ಳೆಯದು.

1999ರಲ್ಲಿ ತೆರೆಕಂಡ ಈ ಚಿತ್ರ ಸಾಧಾರಣ ಮಟ್ಟದ್ದು ಎಂಬುದೇ ನನ್ನ ಅಭಿಪ್ರಾಯ. ಸ್ಯಾನ್ ಕ್ವೆಂಟಿನ್ ಜೈಲಿನೊಳಗಿನ ಭಾಗಗಳು ಮಾತ್ರ ಬಹಳ ಚೆನ್ನಾಗಿವೆ. ತಂದೆಯನ್ನು ಕೊನೆಯ ಬಾರಿ ನೋಡಲು ಬಂದ ಪುಟ್ಟ ಮಗಳ ಹಸಿರು ಕ್ರೇಯಾನ್ ಕಳೆದುಹೋಗಿ, ಅದಕ್ಕಾಗಿ ಹುಡುಕಾಟ ನಡೆಯುವ ಪ್ರಸಂಗದಲ್ಲಿ ಇರುವಷ್ಟು ಸತ್ಯ ವರದಿಗಾರನ ಓಟದಲ್ಲಿ ಇಲ್ಲ. ಸ್ಟೀವ್ ಎವರೆಟ್ ಎಂಬ ಈ ವರದಿಗಾರನಿಗೆ ಅನುಮಾನ ಬರುವುದು ಅಂಗಡಿಯಲ್ಲಿ ಚಿಪ್ಸ್ ಪೊಟ್ಟಣಗಳನ್ನು ಜೋಡಿಸಿಟ್ಟ ಸ್ಟ್ಯಾಂಡನ್ನು ನೋಡಿ: ಅದು ಅಡ್ಡವಿದ್ದರೆ ಆರೋಪಿಯ ಕೈಯಲ್ಲಿದ್ದ ಬಂದೂಕು ಸಾಕ್ಷಿಯ ಕಣ್ಣಿಗೆ ಬಿದ್ದದ್ದಾದರೂ ಹೇಗೆ? ಅನುಮಾನ ನ್ಯಾಯವಾದದ್ದೇ. ಆದರೆ ಕೊಲೆ ನಡೆದ ದಿನ ಆ ಸ್ಟ್ಯಾಂಡ್ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಇತ್ತು ಎಂಬುದನ್ನು ತೋರಿಸುವ ಅಂದಿನ ಫೋಟೊ ಅಥವಾ ಪೊಲೀಸರ ನಕ್ಷೆ ಕೈಯಲ್ಲಿ ಇಲ್ಲದಿದ್ದರೆ, ವರ್ಷಗಳ ನಂತರ ಹೋಗಿ ನೋಡಿದವನ ಮಾತಿಗೆ ನ್ಯಾಯಾಲಯದಲ್ಲಿ ತೂಕ ಬರುವುದು ಕಷ್ಟ.

ಕಾನೂನಿನ ದೃಷ್ಟಿಯಿಂದ ಚಿತ್ರ ಸರಿಯಾಗಿ ಹಿಡಿದಿರುವ ಒಂದು ಅಂಶವೆಂದರೆ, ಎವರೆಟ್ ಕೊನೆಗೆ ಓಡುವುದು ನ್ಯಾಯಾಧೀಶರ ಬಳಿಗಲ್ಲ, ಗವರ್ನರ್ ಬಳಿಗೆ. 1993ರ ಹೆರೆರಾ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಿಚಾರಣೆಯಲ್ಲಿ ಸಂವಿಧಾನದತ್ತ ಹಕ್ಕಿನ ಉಲ್ಲಂಘನೆ ಆಗಿರದಿದ್ದಲ್ಲಿ, ತಾನು ನಿರಪರಾಧಿ ಎನ್ನುವುದಕ್ಕೆ ಹೊಸ ಸಾಕ್ಷ್ಯ ಸಿಕ್ಕಿದೆ ಎಂಬ ಒಂದೇ ಕಾರಣದಿಂದ ಫೆಡರಲ್ ನ್ಯಾಯಾಲಯದಲ್ಲಿ ಪರಿಹಾರ ಸಿಗದು, ಅಂಥವರಿಗೆ ಹಿಂದಿನಿಂದಲೂ ಇರುವ ದಾರಿ ಕ್ಷಮಾದಾನ ಎಂದು ಹೇಳಿತು. ಕೊಲೆಯಾದ ಹೆಣ್ಣುಮಗಳ ಲಾಕೆಟ್ಟನ್ನು ಗುರುತಿಸಬಲ್ಲ ಮುದುಕಿಯೊಬ್ಬಳನ್ನು ಕಾರಿನಲ್ಲಿ ಕೂರಿಸಿಕೊಂಡು ಗವರ್ನರ್ ಮನೆಗೆ ಧಾವಿಸುವುದು ಸಿನಿಮಾದ ಅವಸರವಾದರೂ, ತಟ್ಟಬೇಕಾದ ಬಾಗಿಲು ಅದೇ.

ನಿಜವಾಗಿ ಇಂಥ ತನಿಖೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಶಿಕಾಗೊದ ಜೋಸೆಫ್ ಮೈಚೆಕ್ ಪ್ರಕರಣವನ್ನು ನೋಡಬೇಕು. 1932ರ ಡಿಸೆಂಬರ್‌ನಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾಯಿತು. ಮರುವರ್ಷ ಮೈಚೆಕ್ ಮತ್ತು ಥಿಯೋಡರ್ ಮಾರ್ಸಿನ್ಕೀವಿಚ್ ಎಂಬ ಇಬ್ಬರಿಗೆ ತಲಾ 99 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಧಾರವಾಗಿ ನಿಂತದ್ದು ಮುಖ್ಯವಾಗಿ ಅಂಗಡಿಯ ಒಡತಿಯ ಹೇಳಿಕೆ. ಮೈಚೆಕ್‌ನ ತಾಯಿ ನೆಲ ಒರೆಸುವ ಕೆಲಸ ಮಾಡುತ್ತಾ, ವರ್ಷಗಟ್ಟಲೆ ಕಾಸಿಗೆ ಕಾಸು ಕೂಡಿಸಿ, 1944ರಲ್ಲಿ ಕೊಲೆಗಾರರ ಸುಳಿವು ಕೊಟ್ಟವರಿಗೆ 5,000 ಡಾಲರ್ ಬಹುಮಾನ ಎಂದು ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟಳು. ‘ಶಿಕಾಗೊ ಟೈಮ್ಸ್’ ಪತ್ರಿಕೆಯವರು ಆ ಜಾಹೀರಾತಿನ ಬೆನ್ನು ಹತ್ತಿದರು. ಪತ್ರಿಕೆಯ ಜೇಮ್ಸ್ ಮೆಗೈರ್ ಮತ್ತು ಜ್ಯಾಕ್ ಮೆಕ್‌ಫಾಲ್ ಠಾಣೆಯ ದಾಖಲೆಗಳನ್ನು ತಿರುವಿಹಾಕಿದಾಗ, ಮೈಚೆಕ್‌ನನ್ನು ಬಂಧಿಸಿದ ದಿನವನ್ನೇ ಪೊಲೀಸರು ಒಂದು ದಿನ ಮುಂದಕ್ಕೆ ತೋರಿಸಿದ್ದರು ಎಂಬುದು ಹೊರಬಿತ್ತು. ಆ ಮುಚ್ಚಿಟ್ಟ ದಿನದಲ್ಲಿ ಅಂಗಡಿಯ ಒಡತಿ ಅವನನ್ನು ಕಣ್ಣಾರೆ ಕಂಡೂ ಗುರುತು ಹಿಡಿದಿರಲಿಲ್ಲ.

ಇಷ್ಟಾದ ಮೇಲೂ ಬಿಡುಗಡೆ ಬಂದದ್ದು ಇಲಿನಾಯ್ ಗವರ್ನರ್ ಕೊಟ್ಟ ಕ್ಷಮಾದಾನದಿಂದ, 1945ರಲ್ಲಿ. ಜೊತೆಗೆ ಶಿಕ್ಷೆಗೊಳಗಾಗಿದ್ದ ಮಾರ್ಸಿನ್ಕೀವಿಚ್ 1950ರವರೆಗೆ ಕಾಯಬೇಕಾಯಿತು. ಒಂದೇ ಸಾಕ್ಷ್ಯದ ಮೇಲೆ ಒಳಗೆ ಹೋದ ಇಬ್ಬರಲ್ಲಿ, ಪತ್ರಿಕೆಯ ಬೆಳಕು ಬಿದ್ದವನು ಐದು ವರ್ಷ ಮೊದಲು ಹೊರಬಂದ ಎನ್ನುವುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ. ಈ ಪ್ರಕರಣವನ್ನು ಆಧರಿಸಿ 1948ರಲ್ಲಿ ಬಂದ ‘ಕಾಲ್ ನಾರ್ತ್‌ಸೈಡ್ 777’ ಚಿತ್ರದಲ್ಲೂ ಠಾಣೆಯ ದಾಖಲೆ ಸಾಕಾಗಲಿಲ್ಲ. ಫೋಟೊವೊಂದನ್ನು ದೊಡ್ಡದು ಮಾಡಿ, ಅದರಲ್ಲಿ ಕಾಣುವ ಪತ್ರಿಕೆಯ ತಾರೀಖನ್ನು ಓದುವ ದೃಶ್ಯ ಅದರಲ್ಲಿ ಕಲ್ಪಿತವಾಗಿ ಸೇರಿಕೊಂಡಿತು.

ಇನ್ನೊಂದು ಪ್ರಕರಣ ‘ಟ್ರೂ ಕ್ರೈಮ್’ ತೆರೆಕಂಡ ಕಾಲದ್ದೇ. ಶಿಕಾಗೊದಲ್ಲಿ 1982ರಲ್ಲಿ ನಡೆದ ಜೋಡಿ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಆಂಥನಿ ಪೋರ್ಟರ್‌ಗೆ, 1998ರ ಸೆಪ್ಟೆಂಬರ್‌ನಲ್ಲಿ, ಇನ್ನೆರಡು ದಿನ ಉಳಿದಿರುವಾಗ ತಡೆಯಾಜ್ಞೆ ಸಿಕ್ಕಿತು. ಕಾರಣ ಅವನ ಮಾನಸಿಕ ಸಾಮರ್ಥ್ಯದ ಬಗೆಗಿನ ಪ್ರಶ್ನೆಯೇ ಹೊರತು ಯಾವ ಪತ್ರಕರ್ತರ ಶೋಧವೂ ಅಲ್ಲ. ಆ ಬಿಡುವಿನಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿಗಳು ಕೊಲೆ ನಡೆದ ಪಾರ್ಕಿಗೆ ಹೋಗಿ, ಸಾಕ್ಷಿ ನೋಡಿದೆನೆಂದದ್ದು ಅಲ್ಲಿಂದ ಕಾಣುವುದೇ ಎಂದು ಪರೀಕ್ಷಿಸಿದರು. ಅವರ ಜೊತೆಗಿದ್ದ ಖಾಸಗಿ ಪತ್ತೇದಾರ ಮತ್ತೊಬ್ಬನಿಂದ ತಪ್ಪೊಪ್ಪಿಗೆಯ ವಿಡಿಯೊ ಪಡೆದ. 1999ರ ಫೆಬ್ರುವರಿಯಲ್ಲಿ ಪೋರ್ಟರ್ ಹೊರಬಂದ; ಮರುವರ್ಷ ಇಲಿನಾಯ್ ಗವರ್ನರ್ ಮರಣದಂಡನೆಗಳನ್ನೇ ತಡೆಹಿಡಿದರು. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಆ ತಪ್ಪೊಪ್ಪಿಗೆ ಪಡೆಯಲು ನಟನೊಬ್ಬನನ್ನು ಸಾಕ್ಷಿಯಂತೆ ತೋರಿಸಿದ ವಿಡಿಯೊವನ್ನು ಬಳಸಲಾಗಿತ್ತು. ಸುಮಾರು 15 ವರ್ಷ ಜೈಲಿನಲ್ಲಿ ಕಳೆದ ಆ ಎರಡನೆಯವನ ಶಿಕ್ಷೆಯನ್ನೂ 2014ರಲ್ಲಿ ಸರ್ಕಾರಿ ವಕೀಲರೇ ಮುಂದೆ ನಿಂತು ರದ್ದು ಮಾಡಿಸಿದರು.

ಪೊಲೀಸರಂತೆಯೇ ತನಿಖೆಗೆ ಇಳಿದ ಪತ್ರಕರ್ತನೂ ತನ್ನ ನಂಬಿಕೆಗೆ ತಕ್ಕ ಸಾಕ್ಷ್ಯವನ್ನೇ ಹುಡುಕುವ ಅಪಾಯವಿದೆ. ಈ ವಿಷಯ ‘ಟ್ರೂ ಕ್ರೈಮ್’ ಕಥೆಯ ಒಳಗೇ ಇದೆ: ಹಿಂದೊಮ್ಮೆ ಎವರೆಟ್ ನಿರಪರಾಧಿ ಎಂದು ಪಟ್ಟು ಹಿಡಿದು ಬರೆದವನು ಕೊನೆಗೆ ಅಪರಾಧಿಯೇ ಆಗಿದ್ದ. ಹಾಗಿರುವಾಗ ಈ ಬಾರಿ ಅವನು ತನ್ನ ಅನುಮಾನವನ್ನು ನಂಬಬೇಕೇ, ಬೇಡವೇ ಎಂಬುದೇ ಚಿತ್ರದ ನಿಜವಾದ ಸಂಕಟವಾಗಬೇಕಿತ್ತು. ನಿರ್ದೇಶಕರು ಅದನ್ನು ಒಂದೆರಡು ಮಾತಿನಲ್ಲಿ ಮುಗಿಸಿ, ಗಡಿಯಾರದ ಮುಳ್ಳಿಗೂ ಕಾರಿನ ವೇಗಕ್ಕೂ ಹೆಚ್ಚು ಸಮಯ ಕೊಟ್ಟಿದ್ದಾರೆ. ಚಿತ್ರ ಸಾಧಾರಣ ಎನ್ನಿಸಲು ಮುಖ್ಯ ಕಾರಣ ಇದೇ ಎಂದು ನಾನು ಭಾವಿಸುತ್ತೇನೆ.