ಮಾಲರ್ ಮೊದಲು ಬರಬೇಕಿತ್ತು

1913ರ ಮಾರ್ಚ್ 31ರಂದು ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಂಗೀತ ಸಭಾಂಗಣದಲ್ಲಿ ನಡೆದ ಕಚೇರಿ ಹೊಡೆದಾಟದಲ್ಲಿ ಮುಗಿಯಿತು. ಕೆನ್ನೆಗೆ ಏಟು ಬಿತ್ತು, ವಿಷಯ ಕೋರ್ಟಿನ ಮೆಟ್ಟಿಲೇರಿತು. ಅದಕ್ಕೆ ‘ಕಪಾಳಮೋಕ್ಷದ ಕಚೇರಿ’ ಎಂಬ ಹೆಸರೇ ಉಳಿದುಬಿಟ್ಟಿದೆ. ಆರ್ಕೆಸ್ಟ್ರಾ ಕಚೇರಿಗಳ ಕೃತಿಪಟ್ಟಿ ಹೆಣೆಯುವುದು ನನ್ನ ಕೆಲಸ. ಹಾಗಾಗಿ ಆ ಜಗಳಕ್ಕಿಂತ ನನ್ನನ್ನು ಕಾಡುವುದು ಅಂದಿನ ಪಟ್ಟಿ.

ಐವರು ಸಂಗೀತ ರಚನೆಕಾರರ ಕೃತಿಗಳಿದ್ದವು. ಮೊದಲಿಗೆ ವೇಬರ್ನ್ ಅವರ ಆರು ಕಿರುಕೃತಿಗಳು. ಆಮೇಲೆ ಝೆಮ್ಲಿನ್‌ಸ್ಕಿಯವರ ಹಾಡುಗಳು, ಅಂದು ಆರ್ಕೆಸ್ಟ್ರಾ ನಡೆಸುತ್ತಿದ್ದ ಶೋನ್‌ಬರ್ಗ್ ಅವರದೇ ಚೇಂಬರ್ ಸಿಂಫನಿ (ಚಿಕ್ಕ ಮೇಳಕ್ಕೆ ಬರೆದ ಸಿಂಫನಿ), ಬೆರ್ಗ್ ಅವರ ಐದು ಹಾಡುಗಳ ಗುಚ್ಛದಿಂದ ಎರಡು. ಎಲ್ಲಕ್ಕೂ ಕೊನೆಗೆ ಮಾಲರ್ ಅವರ ‘ಕಿಂಡರ್‌ಟೋಟನ್‌ಲೀಡರ್’, ಮಕ್ಕಳ ಸಾವಿನ ಹಾಡುಗಳು. ಬೆರ್ಗ್ ಹಾಡುಗಳ ಹೊತ್ತಿಗೆ ಗದ್ದಲ ಕೈಮೀರಿತು. ಮಾಲರ್ ಸರದಿ ಬರಲೇ ಇಲ್ಲ.

ನಮ್ಮಲ್ಲಿ ಕಚೇರಿ ವರ್ಣದಿಂದ ಶುರುವಾಗುತ್ತದೆ. ಅದು ಹಾಡುವವರ ಗಂಟಲನ್ನಷ್ಟೇ ಅಲ್ಲ, ಕೇಳುವವರ ಕಿವಿಯನ್ನೂ ಹದ ಮಾಡುತ್ತದೆ. ವಿಯೆನ್ನಾದಲ್ಲಿ ಆ ಕೆಲಸವನ್ನು ಮಾಲರ್ ಹಾಡುಗಳು ಮಾಡಬಹುದಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ.

ಆ ಗುಚ್ಛದ ಮೊದಲ ಹಾಡಿನ ಆರಂಭ ಕೇಳಿ. ವೇದಿಕೆ ತುಂಬ ವಾದ್ಯಗಾರರಿದ್ದರೂ ನುಡಿಯುವುದು ಎರಡೇ ಊದುವಾದ್ಯ: ಒಂದು ಓಬೋ, ಒಂದು ಹಾರ್ನ್. ಎರಡು ತೆಳುವಾದ ಎಳೆಗಳು. ರಾತ್ರಿ ಮಗುವನ್ನು ಕಳೆದುಕೊಂಡ ಮನೆಯ ಮೇಲೂ ಸೂರ್ಯ ಎಂದಿನಂತೆ ಹೊಳೆಹೊಳೆದು ಮೂಡುತ್ತಾನೆ ಎನ್ನುವ ಸಾಲು ಆ ತೆಳುವಿನೊಳಗೇ ಬರುತ್ತದೆ. ಕವಿ ರ‍್ಯೂಕರ್ಟ್ ತಮ್ಮ ಇಬ್ಬರು ಮಕ್ಕಳನ್ನು ಕಳೆದುಕೊಂಡು ಬರೆದ ಪದ್ಯಗಳಿವು. ದೊಡ್ಡ ಆರ್ಕೆಸ್ಟ್ರಾ ಇರುವುದು ದೊಡ್ಡ ಸದ್ದಿಗಲ್ಲ, ಬಣ್ಣಗಳ ಆಯ್ಕೆಗೆ ಎಂಬುದು ಕಿವಿಗೆ ತಾನಾಗಿ ತಿಳಿಯುತ್ತದೆ.

ಇದಾದ ಮೇಲೆ ವೇಬರ್ನ್ ಬಂದರೆ ಪರಕೀಯ ಅನ್ನಿಸುವುದಿಲ್ಲ. ಅವರ ನಾಲ್ಕನೆಯ ಕೃತಿ ಶವಯಾತ್ರೆಯ ನಡಿಗೆ, ತಾಯಿಯ ಸಾವಿನ ನೆನಪಿನದು. ಡ್ರಮ್ಮು, ಗಾಂಗು, ಗಂಟೆಗಳು ಕೇಳಿಯೂ ಕೇಳದಷ್ಟು ಮೆಲ್ಲಗೆ ಶುರುವಾಗುತ್ತವೆ. ಆಗ ಒಬ್ಬರು ಕೆಮ್ಮಿದರೂ ಹೋಯಿತು. ಅದಕ್ಕೇ ಈ ಪಟ್ಟಿಯನ್ನು ನಾನು ಹೆಣೆದರೆ ಮಾಲರ್ ಮತ್ತು ವೇಬರ್ನ್ ನಡುವೆ ಚಪ್ಪಾಳೆ ಬೇಡವೆಂದು ಸಭೆಯನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಹಾಡಿನ ಸಾಹಿತ್ಯ ಅಚ್ಚುಹಾಕುವಾಗ ಹಾಡಿನ ನಡುವೆ ಹಾಳೆ ತಿರುವುವ ಹಾಗಾಗದಂತೆ ನೋಡಿಕೊಳ್ಳುತ್ತೇನೆ. ನೂರಾರು ಜನ ಒಟ್ಟಿಗೆ ಹಾಳೆ ಮಗುಚುವ ಸರಸರ ಸದ್ದು ಪಿಟೀಲಿನ ಮೆಲುದನಿಯನ್ನು ನುಂಗಿಬಿಡುತ್ತದೆ.

ಖರ್ಚಿನ ತೊಡಕೂ ಇದೆ. ಮಾಲರ್ ಹಾಡುಗಳು ತಗ್ಗಿದ ಕಂಠಕ್ಕೆ, ಬೆರ್ಗ್‌ರವು ಸೊಪ್ರಾನೋಗೆ, ಅಂದರೆ ಎತ್ತರದ ಹೆಣ್ಣುದನಿಗೆ. ಇಬ್ಬರು ಗಾಯಕರು ಬೇಕು. ಆದರೂ ನಾನು ಪಟ್ಟು ಬಿಡುವುದಿಲ್ಲ.

ಬೆರ್ಗ್ ಆರಿಸಿಕೊಂಡದ್ದು ಪೀಟರ್ ಆಲ್ಟನ್‌ಬರ್ಗ್ ಪಿಕ್ಚರ್ ಪೋಸ್ಟ್‌ಕಾರ್ಡುಗಳಿಗೆಂದು ಬರೆದ ಪುಟ್ಟ ಸಾಲುಗಳನ್ನು. ಕವಿಯನ್ನೂ ಸಂಗೀತಗಾರನನ್ನೂ ಹುಚ್ಚಾಸ್ಪತ್ರೆಗೆ ಸೇರಿಸಿ ಎಂದು ಸಭೆ ಕೂಗಿತು. ಕವಿ ಆಗ ನಿಜವಾಗಿಯೂ ಅಂಥ ಆಸ್ಪತ್ರೆಯಲ್ಲೇ ಇದ್ದರು. ಆ ಕೂಗನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಐದೂ ಹಾಡುಗಳನ್ನು ಒಂದೇ ಕಚೇರಿಯಲ್ಲಿ ಕೇಳುವ ಭಾಗ್ಯ 1935ರಲ್ಲಿ ತೀರಿಕೊಂಡ ಬೆರ್ಗ್‌ಗೆ ಸಿಗಲಿಲ್ಲ.

ಮೂರನೆಯ ಹಾಡು ತೆರೆಯುವುದೇ ಹನ್ನೆರಡೂ ಸ್ವರಸ್ಥಾನಗಳು ಒಮ್ಮೆಲೇ ನುಡಿಯುವ ಸ್ವರಮೇಳದಿಂದ. ಓದಿದರೆ ಕರ್ಕಶ ಅನ್ನಿಸಬಹುದು. ಕೇಳಿದರೆ ಅದು ಮಂಜಿನ ಹಾಗೆ ಹರಡಿ ನಿಲ್ಲುತ್ತದೆ. ‘ಇದ್ದಕ್ಕಿದ್ದಂತೆ ಎಲ್ಲ ಮುಗಿಯಿತು’ ಎಂಬ ಮಾತು ಬಂದು ಆರ್ಕೆಸ್ಟ್ರಾ ಬರಿದಾದ ಮೇಲೆ, ಅದೇ ಹನ್ನೆರಡು ಸ್ವರಗಳು ಒಂದೊಂದಾಗಿ ಮರಳಿ ಬಂದು ಸೇರಿಕೊಳ್ಳುತ್ತವೆ.