ಇನ್ಸುಲಿನ್ ಡೋಸ್ ತಾನಾಗಿ ಇಳಿದಾಗ

“ಶುಗರ್ ವಾಸಿಯಾಗ್ತಾ ಬಂತು ಕಣೋ. ಮೊದಲು 30 ಯೂನಿಟ್ ಬೇಕಿತ್ತು, ಈಗ 16 ಹಾಕಿದ್ರೂ ಬೆವರು ಕಿತ್ಕೊಂಡು ಬರತ್ತೆ” ಎಂದು ದೊಡ್ಡಪ್ಪ ಹೇಳಿದಾಗ ಮನೆಯವರೆಲ್ಲ ಖುಷಿಪಟ್ಟಿದ್ದೆವು. ಊಟ ಅದೇ, ನಡಿಗೆಯೂ ಅಷ್ಟೇ. ವಾಸಿಯಾಗಿದ್ದು ಏನೂ ಇರಲಿಲ್ಲ, ಕಿಡ್ನಿ ಸೋಲುತ್ತಿತ್ತು.

ಚುಚ್ಚಿಕೊಂಡ ಇನ್ಸುಲಿನ್ನಿನ ದೊಡ್ಡ ಪಾಲನ್ನು ಒಡೆದು ಹಾಕುವುದು ಮೂತ್ರಪಿಂಡವೇ. ಅದು ದಣಿದರೆ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹಳೆಯ ಡೋಸೇ ಅತಿಯಾಗಿ, ಶುಗರ್ ದಿಢೀರನೆ ಕುಸಿದು ಬೆವರು ಕಿತ್ತುಕೊಂಡು ಬರುತ್ತದೆ.

ಇನ್ಸುಲಿನ್ನಿಗೂ ಕಿಡ್ನಿಗೂ ಇರುವ ನಂಟು ಇನ್ನೂ ಆಳದ್ದು. ಸಕ್ಕರೆ ಏರಿದರೆ ಕಿಡ್ನಿ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಅದು ನಿಜವೂ ಹೌದು. ಆದರೆ ಕಿಡ್ನಿಯ ಜೀವಕೋಶಗಳಿಗೆ ಇನ್ಸುಲಿನ್ನಿನ ಸಂದೇಶ ಕೇಳಿಸದೇ ಹೋದರೂ ಅದು ಕೆಡಬಲ್ಲದು.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸುತ್ತವೆ. ಪ್ರತಿ ಘಟಕದಲ್ಲೂ ನವಿರಾದ ರಕ್ತನಾಳಗಳದೊಂದು ಉಂಡೆ. ಅದನ್ನು ಹೊರಗಿನಿಂದ ತಬ್ಬಿಕೊಂಡಿರುವವು ಪೋಡೋಸೈಟ್ ಎಂಬ ಕೋಶಗಳು. ನಿಮ್ಮ ಎರಡೂ ಕೈಗಳ ಬೆರಳು ಹೆಣೆದು ನೋಡಿ, ಅವುಗಳ ಪುಟ್ಟ ಪಾದಗಳು ಹೀಗೇ ಹೆಣೆದುಕೊಂಡಿರುತ್ತವೆ. ಸಂದಿನಲ್ಲಿ ನೀರು, ಉಪ್ಪು ಜಾರಿ ಹೋಗುತ್ತವೆ, ಆಲ್ಬುಮಿನ್ ಎಂಬ ಪ್ರೋಟೀನು ರಕ್ತದಲ್ಲೇ ಉಳಿಯುತ್ತದೆ. ಉಂಡಮೇಲೆ ಏರುವ ಇನ್ಸುಲಿನ್ ಬಂದು ತಟ್ಟಿದರೆ ಈ ಕೋಶ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ತನ್ನ ಪಾದಗಳಿಗೆ ಆಕಾರ ಕೊಡುವ ಆಕ್ಟಿನ್ ಎಳೆಗಳ ಹಂದರವನ್ನೂ ಮರುಜೋಡಿಸಿಕೊಳ್ಳುತ್ತದೆ.

ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಓದಿದಾಗಿನಿಂದ ನನ್ನನ್ನು ಬಿಟ್ಟಿಲ್ಲ. ಅವರು ಇಲಿಗಳ ಪೋಡೋಸೈಟ್‌ಗಳಲ್ಲಿ ಮಾತ್ರ ಇನ್ಸುಲಿನ್ ಗ್ರಾಹಕವನ್ನು, ಅಂದರೆ ಇನ್ಸುಲಿನ್ನಿನ ಸಂದೇಶ ಹಿಡಿಯುವ ಪ್ರೋಟೀನನ್ನು, ಇಲ್ಲವಾಗಿಸಿದರು. ರಕ್ತದ ಸಕ್ಕರೆ ಮಾಮೂಲಿಯಾಗೇ ಇತ್ತು. ಆದರೂ ಪಾದಗಳ ಹೆಣಿಗೆ ಕೆಟ್ಟಿತು, ಆಲ್ಬುಮಿನ್ ಮೂತ್ರಕ್ಕೆ ಸೋರಿತು, ಮಧುಮೇಹಿಗಳ ಕಿಡ್ನಿಯಲ್ಲಿ ಕಾಣುವಂಥ ಹಾನಿಯೇ ಕಾಣಿಸಿತು. ಮನುಷ್ಯರಲ್ಲಿ ಬಿಪಿ, ಏರಿದ ಸಕ್ಕರೆ ಎಲ್ಲ ಸೇರಿಕೊಳ್ಳುತ್ತವೆ, ಇಲಿಯ ಕಥೆಯನ್ನು ಹಾಗೇ ನಮಗೆ ಅಂಟಿಸಲಾಗದು. ಆದರೂ ಟೈಪ್ 2 ಮಧುಮೇಹವೆಂದರೆ ಮುಖ್ಯವಾಗಿ ಇನ್ಸುಲಿನ್ ಬಾಗಿಲಲ್ಲಿದ್ದೂ ಕೋಶ ಓಗೊಡದಿರುವುದು ತಾನೆ? ಕಳೆದುಹೋದ ಪೋಡೋಸೈಟ್ ಸುಲಭಕ್ಕೆ ಮತ್ತೆ ಹುಟ್ಟುವುದೂ ಇಲ್ಲ.

ಈ ಸೋರಿಕೆ ನೋವು ಕೊಡುವುದಿಲ್ಲ. ಎಷ್ಟೋ ಜನರಲ್ಲಿ ಕಿಡ್ನಿ ಸೋಸಿ ಹೊರಹಾಕುವ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವ ಮೊದಲೇ ಅದು ಶುರುವಾಗಿರುತ್ತದೆ. ಪತ್ತೆಗೆ ಒಂದು ಪುಟ್ಟ ಡಬ್ಬಿ ಮೂತ್ರ ಸಾಕು. ಅದರಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿ ಆಲ್ಬುಮಿನ್ ಇದ್ದರೆ ಎಚ್ಚರಿಕೆ. ಟೈಪ್ 2 ಇರುವವರಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಲೇಬೇಕು.

ದೊಡ್ಡಪ್ಪನ ಫೈಲಿನಲ್ಲಿ 11 ವರ್ಷಗಳ ಶುಗರ್ ರಿಪೋರ್ಟುಗಳಿದ್ದವು. ಆಲ್ಬುಮಿನ್ನಿನದು ಒಂದೂ ಇರಲಿಲ್ಲ.