ನೀರು ಹುಳಕ್ಕೆ ಸಗಣಿಯಲ್ಲಿ ಏನು ಕೆಲಸ?

ಪ್ರಶ್ನೆ: ಮಳೆ ಶುರುವಾದರೆ ಸಾಕು, ನಮ್ಮ ಮನೆ ಜಗಲಿಯ ಬಲ್ಬಿಗೆ ದೊಡ್ಡ ಕಪ್ಪು ಹುಳ ಬಂದು ಟಪ್ ಅಂತ ಬೀಳುತ್ತೆ. ಕೆರೆಯಿಂದ ಬರೋ ನೀರು ಹುಳ ಅದು ಅಂತ ಅಪ್ಪ ಹೇಳ್ತಾರೆ. ಫೋಟೋ ತೆಗೆದು ಹುಡುಕಿದರೆ ‘ಹೈಡ್ರೋಫಿಲಿಡೇ’ ಅಂತ ಬಂತು. ಆದರೆ ಅದೇ ಕುಟುಂಬದ ಹೆಸರಿನಲ್ಲಿ ಸಗಣಿಯೊಳಗಿನ ಪುಟ್ಟ ಹುಳಗಳ ಚಿತ್ರವೂ ಇತ್ತು! ಇದು ನೀರಿನದಾ, ಸಗಣಿಯದಾ? ಮತ್ತೆ, ಕಚ್ಚುತ್ತಾ?

ಎರಡೂ ಹೌದು. ನಿಮ್ಮ ಜಗಲಿಗೆ ಬಿದ್ದದ್ದು ನೀರಿನದು, ಚಿತ್ರದಲ್ಲಿ ಕಂಡದ್ದು ಸಗಣಿಯದು, ಎರಡೂ ಒಂದೇ ಮನೆತನ. ಕಚ್ಚುವ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರಲ್ಲಿ ಸ್ವಲ್ಪ ತಿರುವು ಇದೆ.

ಮೊದಲು ಹೆಸರಿನ ಗೊಂದಲ. ಹೈಡ್ರೋಫಿಲಸ್ ಅಂದರೆ ಗ್ರೀಕ್‌ನಲ್ಲಿ ನೀರನ್ನು ಇಷ್ಟಪಡುವುದು ಅಂತ ಅರ್ಥ. ಆ ಹೆಸರಿನ ದೊಡ್ಡ ಹುಳವನ್ನು ಮುಂದಿಟ್ಟುಕೊಂಡು ಇಡೀ ಕುಟುಂಬಕ್ಕೆ ಹೈಡ್ರೋಫಿಲಿಡೇ ಅಂತ ಹೆಸರಿಟ್ಟರು. ಇಂಗ್ಲಿಷಿನವರು ‘ವಾಟರ್ ಸ್ಕ್ಯಾವೆಂಜರ್ ಬೀಟಲ್’ ಅಂತಾರೆ, ಅಂದರೆ ನೀರಿನಲ್ಲಿ ಸತ್ತದ್ದು ಕೊಳೆತದ್ದು ತಿಂದು ಬದುಕುವ ಹುಳ. ಕನ್ನಡದಲ್ಲಿ ಇದಕ್ಕೇ ಅಂತ ಒಂದು ಹೆಸರು ಕೇಳಿಲ್ಲ. ನೀರಿನಲ್ಲಿ ಕಂಡದ್ದೆಲ್ಲ ನೀರು ಹುಳ, ಅಷ್ಟೆ. ಪಠ್ಯಪುಸ್ತಕದಲ್ಲಿ ಜೀರುಂಡೆ ಅಂತ ಬರೆದರೆ ಮಲೆನಾಡಿನವರಿಗೆ ಮರದ ಮೇಲೆ ಕೂತು ಕಿವಿ ತೂತಾಗುವಂತೆ ಕಿರುಚುವ ಹುಳ ನೆನಪಾಗುತ್ತದೆ, ದುಂಬಿ ಅಂದರೆ ಹೂವಿನ ಮೇಲಿನದು ನೆನಪಾಗುತ್ತದೆ. ಹಾಗಾಗಿ ನಾನು ಸುಮ್ನೆ ಹುಳ ಅಂತಲೇ ಬರೆಯುತ್ತೇನೆ.

ಈ ಕುಟುಂಬದಲ್ಲಿ ಪ್ರಪಂಚದಾದ್ಯಂತ ಸುಮಾರು 3000 ಪ್ರಭೇದಗಳಿವೆ. ಒಂದು ಮಿಲಿಮೀಟರ್ ಆಸುಪಾಸಿನವು ಇವೆ, ಯುರೋಪಿನ ಹೈಡ್ರೋಫಿಲಸ್ ಪೈಸಿಯಸ್‌ನಂತೆ ಐದು ಸೆಂಟಿಮೀಟರ್ ಮುಟ್ಟುವವೂ ಇವೆ. ನಮ್ಮ ಕೆರೆಗಳ ದೊಡ್ಡ ಕಪ್ಪು ಹುಳ ಅದರ ಹತ್ತಿರದ ನೆಂಟ, ಹೈಡ್ರೋಫಿಲಸ್ ಒಲಿವೇಸಿಯಸ್. ಅದಕ್ಕಿಂತ ಚಿಕ್ಕದಾದ, ಕೆಂಪು ಛಾಯೆಯ ಕಾಲಿನ ಸ್ಟರ್ನೊಲೋಫಸ್ ರೂಫಿಪೆಸ್ ಕೂಡ ಗದ್ದೆ, ಹೊಂಡಗಳಲ್ಲಿ ಸಿಗುತ್ತದೆ.

ಆದರೆ ನಿಲ್ಲಿ. ಬಲ್ಬಿಗೆ ಬಿದ್ದ ಕಪ್ಪು ನೀರು ಹುಳ ಇದೇ ಅಂತ ಹೇಗೆ ಖಾತ್ರಿ? ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಕೆರೆಗಳಲ್ಲಿ ಇಷ್ಟೇ ದೊಡ್ಡದಾದ, ಇಷ್ಟೇ ನುಣುಪಾದ ಇನ್ನೊಂದು ಹುಳ ಇದೆ: ಡೈಟಿಸಿಡೇ ಕುಟುಂಬದ ಮುಳುಗು ಹುಳ, ಸೈಬಿಸ್ಟರ್ ಮತ್ತು ಅದರ ಬಳಗ. ಅದು ಬೇಟೆಗಾರ. ಇವೆರಡನ್ನೂ ಒಂದೇ ಅಂತ ತಿಳಿದು ನೀವು ಮೋಸಹೋಗಿದ್ದರೆ ನಾಚಿಕೆ ಬೇಡ. 1758ರಲ್ಲಿ ಯುರೋಪಿನ ದೊಡ್ಡ ಹೈಡ್ರೋಫಿಲಸ್‌ಗೆ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೂಡ ಅದನ್ನು ಡೈಟಿಸ್ಕಸ್ ಪೈಸಿಯಸ್ ಅಂತ ಬರೆದು ಮುಳುಗು ಹುಳಗಳ ಜೊತೆಗೇ ಸೇರಿಸಿದ್ದ. ತಮಾಷೆ ಏನೆಂದರೆ, ಇದೇ ಕುಟುಂಬದ ಸಗಣಿ ಹುಳವೊಂದಕ್ಕೂ ಅದೇ ವರ್ಷ ಅವನೇ ಹೆಸರಿಟ್ಟ, ಅದನ್ನು ಚರ್ಮ, ಒಣ ಮಾಂಸ ತಿನ್ನುವ ಹುಳಗಳ ಗುಂಪಿಗೆ ಹಾಕಿದ. ಅಣ್ಣ ಒಂದು ಮನೆಗೆ, ತಮ್ಮ ಇನ್ನೊಂದು ಮನೆಗೆ!

ಗುರುತು ಹಿಡಿಯೋಕೆ ಒಂದು ಬಕೆಟ್ ನೀರು ಸಾಕು. ಹುಳವನ್ನು ಅದರಲ್ಲಿ ಬಿಟ್ಟು ಎರಡು ನಿಮಿಷ ನೋಡಿ. ಮುಳುಗು ಹುಳ ಹಿಂದಿನ ಎರಡು ಕಾಲನ್ನೂ ಒಟ್ಟಿಗೆ ಹುಟ್ಟು ಹಾಕಿದ ಹಾಗೆ ತಳ್ಳುತ್ತದೆ, ಸರ್ ಅಂತ ಹೋಗುತ್ತದೆ. ನಮ್ಮ ಹುಳ ಎಡ ಬಲ ಎಡ ಬಲ ಅಂತ ಒಂದಾದ ಮೇಲೊಂದು ಕಾಲು ಆಡಿಸುತ್ತದೆ, ನೀರಿನಲ್ಲಿ ನಡೆಯುತ್ತಿದೆಯೋ ಈಜುತ್ತಿದೆಯೋ ಗೊತ್ತಾಗದ ಹಾಗೆ. ಇನ್ನೊಂದು ಗುರುತು ಇದಕ್ಕಿಂತ ಚಂದ. ಉಸಿರಿಗೆ ಅಂತ ಮೇಲೆ ಬಂದಾಗ ಮುಳುಗು ಹುಳ ಅಂಡು ಮೇಲೆ ಮಾಡಿ ತೇಲುತ್ತದೆ, ನಮ್ಮ ಹುಳ ತಲೆ ಮೇಲೆ ಮಾಡುತ್ತದೆ.

ಯಾಕೆ ತಲೆ? ಇಡೀ ಕುಟುಂಬದ ಗುಟ್ಟು ಇರೋದು ಇಲ್ಲೇ. ಈ ಹುಳದ ತಲೆಯ ಮುಂದೆ ಎರಡು ಉದ್ದ ಎಳೆಗಳು ಕಾಣುತ್ತವೆ, ನೋಡಿದವರೆಲ್ಲ ಅದನ್ನೇ ಮೀಸೆ ಅಂದುಕೊಳ್ಳುತ್ತಾರೆ. ಅದು ಮೀಸೆಯಲ್ಲ. ಬಾಯಿಯ ಪಕ್ಕದ ತಡವು ಅಂಗ ಅದು, ಬೇರೆ ಹುಳಗಳಲ್ಲಿ ಗಿಡ್ಡಗಿದ್ದು ಇವುಗಳಲ್ಲಿ ಉದ್ದ ಬೆಳೆದು ಮೀಸೆಯ ಕೆಲಸ ಮಾಡುತ್ತಿದೆ. ನಿಜವಾದ ಮೀಸೆ ಗಿಡ್ಡ, ತುದಿಯಲ್ಲಿ ಗದೆಯ ಹಾಗೆ ದಪ್ಪ, ತಲೆಯ ಅಡಿಗೆ ಮಡಚಿಟ್ಟಿರುತ್ತದೆ. ಆ ಗದೆಯ ಮೇಲೆ ನೀರು ಹತ್ತದ ಸಣ್ಣ ಸಣ್ಣ ರೋಮಗಳಿವೆ. ಹುಳ ಮೇಲೆ ಬಂದಾಗ ಆ ಮೀಸೆಯನ್ನು ನೀರಿನ ಮೈಗೆ ತಾಗಿಸಿ ಒಂದು ಸಣ್ಣ ದಾರಿ ಮಾಡುತ್ತದೆ, ಗಾಳಿ ಅದರಗುಂಟ ಇಳಿದು ಹೊಟ್ಟೆಯ ಅಡಿಯ ರೋಮಗಳ ನಡುವೆ ಹಾಳೆಯ ಹಾಗೆ ಹರಡಿಕೊಳ್ಳುತ್ತದೆ. ಗಾಜಿನ ಬಾಟಲಿಯಲ್ಲಿಟ್ಟು ಕೆಳಗಿನಿಂದ ನೋಡಿದರೆ ಆ ಕಪ್ಪು ಹುಳದ ಹೊಟ್ಟೆ ಬೆಳ್ಳಿ ಬಳಿದಂತೆ ಹೊಳೆಯುತ್ತದೆ. ಬ್ರಿಟನ್ನಿನವರು ಅವರ ದೊಡ್ಡ ಹುಳವನ್ನು ‘ಗ್ರೇಟ್ ಸಿಲ್ವರ್ ಬೀಟಲ್’ ಅಂತ ಕರೆಯೋದು ಇದಕ್ಕೇ. ಮೀಸೆಯಲ್ಲಿ ಉಸಿರಾಡುವ ಕೆಲಸ ಬಿದ್ದ ಮೇಲೆ ತಡವುವ ಕೆಲಸವನ್ನು ಇನ್ಯಾರಿಗಾದರೂ ವಹಿಸಬೇಕಲ್ವಾ, ಅದಕ್ಕೇ ಬಾಯಿಯ ಎಳೆ ಉದ್ದವಾದದ್ದು.

ಈಗ ವರ್ಗೀಕರಣ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಗಟ್ಟಿ ರೆಕ್ಕೆಯ ಹುಳಗಳದ್ದೆಲ್ಲ ಒಂದು ಗಣ, ಕೋಲಿಯಾಪ್ಟೆರಾ. ಅದರೊಳಗೆ ಮುಳುಗು ಹುಳ ಅಡಿಫೇಗಾ ಎಂಬ ಉಪಗಣಕ್ಕೆ ಸೇರುತ್ತದೆ, ನಮ್ಮ ಹುಳ ಪಾಲಿಫೇಗಾ ಎಂಬ ಇನ್ನೊಂದಕ್ಕೆ. ಅಂದರೆ ಬಕೆಟ್ಟಿನಲ್ಲಿ ಅಕ್ಕಪಕ್ಕ ಈಜಿದರೂ ಇವೆರಡೂ ದೂರದ ಸಂಬಂಧಿಗಳು. ಹೈಡ್ರೋಫಿಲಸ್ ಮುಳುಗು ಹುಳಕ್ಕಿಂತ ಸಗಣಿಯ ಗುಂಡು ಉರುಳಿಸುವ ಹುಳಕ್ಕೆ ಹತ್ತಿರ! ನೀರಿಗೆ ಇಳಿದದ್ದು ಬೇರೆ ಬೇರೆ, ಆಕಾರ ಮಾತ್ರ ಒಂದೇ ತರ ಆಯಿತು.

ಕುಟುಂಬದ ಗಡಿ ಕೂಡ ಬದಲಾಗುತ್ತಲೇ ಬಂದಿದೆ. ಹಳೆಯ ಪುಸ್ತಕ ನೋಡಿದರೆ ಹೆಲೊಫೋರಸ್, ಹೈಡ್ರೋಕಸ್, ಸ್ಪರ್ಕಿಯಸ್ ಎಂಬ ಹುಳಗಳೆಲ್ಲವೂ ಹೈಡ್ರೋಫಿಲಿಡೇ ಒಳಗೇ ಇರುತ್ತವೆ. 1991ರಲ್ಲಿ ಡೆನ್ಮಾರ್ಕಿನ ಮೈಕೆಲ್ ಹ್ಯಾನ್ಸನ್ ಇವುಗಳನ್ನು ಬೇರೆ ಬೇರೆ ಕುಟುಂಬಗಳಾಗಿ ಬಿಡಿಸಿದರು. ಮುಂದೆ 2013ರಲ್ಲಿ ಅಮೆರಿಕದ ಆಂಡ್ರ್ಯೂ ಶಾರ್ಟ್ ಮತ್ತು ಚೆಕ್ ದೇಶದ ಮಾರ್ಟಿನ್ ಫಿಕಾಚೆಕ್ ಡಿಎನ್ಎ ಹೋಲಿಸಿ ನೋಡಿ ಉಳಿದ ಕುಟುಂಬವನ್ನು ಆರು ಉಪಕುಟುಂಬ ಮಾಡಿದರು. ಈಗ ಎಲ್ಲರೂ ಬಳಸುವುದು ಹೆಚ್ಚುಕಡಿಮೆ ಅದನ್ನೇ. ಆರರ ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ. ಯಾರು ಎಲ್ಲಿರುತ್ತಾರೆ ಅಂತ ನೋಡಿದರೆ ಸಾಕು, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಕೆರೆ, ಹೊಂಡ, ಗದ್ದೆಯ ನಿಂತ ನೀರಿನಲ್ಲಿ ಈಜುವವು ಮುಖ್ಯವಾಗಿ ಹೈಡ್ರೋಫಿಲಿನೇ. ನಿಮ್ಮ ಜಗಲಿಯದು ಇದರದ್ದೇ. ಇಲ್ಲಿ ಒಂದು ತಪ್ಪು ಕಲ್ಪನೆ ಬಿಡಬೇಕು, ಇವು ಕೆರೆಯ ನಡುವಿನ ಆಳದಲ್ಲಿ ಇರುವುದು ಕಡಿಮೆ. ಮೊಣಕಾಲುದ್ದಕ್ಕಿಂತ ಕಡಿಮೆ ನೀರು, ಜೊಂಡು, ಕೊಳೆತ ಎಲೆ, ಪಾಚಿ, ಕೆಸರು ಇರುವ ಅಂಚೇ ಇವುಗಳ ಊರು. ಕೆರೆಗಿಂತ ನಾಟಿಯಾದ ಗದ್ದೆಯಲ್ಲಿ ಹುಡುಕಿದರೆ ಬೇಗ ಸಿಗಬಹುದು. ಇದೇ ಉಪಕುಟುಂಬದ ಊಸೈಕ್ಲಸ್ ಎಂಬುದು ಮಾತ್ರ ಕೆರೆ ಬಿಟ್ಟು ಜಲಪಾತದ ಪಕ್ಕದ ಬಂಡೆಗೆ ಅಂಟಿಕೊಂಡಿದೆ. ನೀರು ತೆಳ್ಳಗೆ ಜಿನುಗುವ ಬಂಡೆಯ ಮೇಲೆ ಓಡಾಡುತ್ತಾ ಬದುಕುತ್ತದೆ, ಏಷ್ಯಾದಲ್ಲೂ ದಕ್ಷಿಣ ಅಮೆರಿಕದಲ್ಲೂ. ಎನೋಕ್ರಿನೇ, ಅಸಿಡೋಸೆರಿನೇ, ಕೀಟಾರ್ಥ್ರಿನೇ ಎಂಬ ಮೂರು ಉಪಕುಟುಂಬಗಳವು ಚಿಕ್ಕ ಹುಳಗಳು: ಹೊಂಡದ ಅಂಚು, ಹಳ್ಳದ ಪಕ್ಕ, ಒದ್ದೆ ಮರಳು, ಪಾಚಿ. ಅಸಿಡೋಸೆರಿನೇ ಗುಂಪಿನ ಹೆಲೊಕಾರಿಸ್‌ನ ತಾಯಿ ಮೊಟ್ಟೆಯ ಚೀಲವನ್ನು ಹೊಟ್ಟೆಯ ಅಡಿಗೆ ಕಟ್ಟಿಕೊಂಡೇ ತಿರುಗುತ್ತದೆ, ಮಗುವನ್ನು ಬಿಟ್ಟು ಹೋಗೋಕೆ ಮನಸ್ಸಿಲ್ಲದ ಹಾಗೆ.

ಸೈಲೋಮಿನೇ ಎಂಬುದು ಹೆಚ್ಚಾಗಿ ಭೂಮಿಯ ದಕ್ಷಿಣದ ಕಡೆಯದು, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಚಿಲಿ. ಇದರಲ್ಲಿ ನ್ಯೂಜಿಲೆಂಡಿನ ರಿಗ್ಮೋಡಸ್ ಹೂವಿಗೆ ಬಂದು ಪರಾಗ ತಿನ್ನುತ್ತದೆ. ನೀರು ಹುಳದ ಮನೆಯವರು ಹೂವಿನಲ್ಲಿ!

ಕೊನೆಯದು ಸ್ಫೆರಿಡಿನೇ. ಸಗಣಿ ಇಲ್ಲಿದೆ. ಕುಟುಂಬದ ಸುಮಾರು ಮೂರನೇ ಒಂದು ಪಾಲು ಪ್ರಭೇದಗಳು ಇದರಲ್ಲೇ ಇವೆ, ಬಹುಪಾಲು ನೆಲದ ಮೇಲಿನವು. ಸ್ಫೆರಿಡಿಯಂ, ಸರ್ಸಿಯಾನ್ ಎಂಬ ಗುಂಡಗಿನ ಪುಟ್ಟ ಹುಳಗಳು ಹಸಿ ಸಗಣಿಗೆ ಹಾರಿ ಬರುತ್ತವೆ. ಬೆಳೆದ ಹುಳಗಳು ಸಗಣಿ ತಿನ್ನುತ್ತವೆ, ಸ್ಫೆರಿಡಿಯಂನ ಮರಿಹುಳ ಅಲ್ಲಿ ಹುಟ್ಟುವ ನೊಣದ ಮರಿಗಳನ್ನು ತಿನ್ನುತ್ತದೆ. ಕೊಟ್ಟಿಗೆ ಇರುವವರು ಇವಕ್ಕೆ ಒಂದು ಥ್ಯಾಂಕ್ಸ್ ಹೇಳಬಹುದು. ಡ್ಯಾಕ್ಟಿಲೊಸ್ಟರ್ನಂ ಎಂಬುದು ಕೊಳೆತ ಬಾಳೆ ಬುಡದಲ್ಲಿ ಇರುತ್ತದೆ, ಗೊನೆ ಕಡಿದು ಬಿಟ್ಟ ಬಾಳೆಯ ಲೊಳಲೊಳ ಪದರಗಳನ್ನು ಬಿಡಿಸಿದರೆ ಕಪ್ಪಗೆ ಓಡುವವುಗಳಲ್ಲಿ ಅದೂ ಇರಬಹುದು. ಇನ್ನು ಕೆಲವು ತರಗೆಲೆಯಲ್ಲಿ, ಅಣಬೆಯಲ್ಲಿ, ಇರುವೆ ಗೂಡಿನಲ್ಲಿ, ಗೆದ್ದಲು ಹುತ್ತದಲ್ಲಿ. ಸರ್ಸಿಯಾನ್ ಲಿಟೊರಾಲಿಸ್ ಯುರೋಪಿನ ಕಡಲ ತೀರದಲ್ಲಿ ಅಲೆ ತಂದು ಹಾಕಿದ ಕಡಲಕಳೆಯ ರಾಶಿಯಲ್ಲಿ ಬದುಕುತ್ತದೆ.

ಇದೆಲ್ಲ ವಿಚಿತ್ರ ಅನ್ನಿಸಿದರೆ ಒಂದು ಸಲ ಕೆರೆಯ ಅಂಚಿನ ಕೆಸರಿನಲ್ಲಿ ಕೈ ಹಾಕಿ ನೋಡಿ. ಒದ್ದೆ, ಮೆತ್ತಗೆ, ಕೊಳೆತ ವಾಸನೆ, ತುಂಬ ಸಣ್ಣ ಹುಳ. ಆಮೇಲೆ ಹಸಿ ಸಗಣಿ. ಅದೂ ಹೀಗೇ ಅಲ್ವಾ? ನಮಗೆ ಕೆರೆ ಮತ್ತು ಕೊಟ್ಟಿಗೆ ಬೇರೆ ಬೇರೆ ಜಾಗ, ಎರಡು ಮಿಲಿಮೀಟರ್ ಹುಳಕ್ಕೆ ಎರಡೂ ಒಂದೇ ತರದ ಗಂಜಿ. ಈ ಕುಟುಂಬದ ಹಳಬರು ನೀರಿನವರೇ, ಅಲ್ಲಿಂದ ಒಂದು ಕವಲು ನೆಲಕ್ಕೆ ಹತ್ತಿತು, ಅದರಲ್ಲೇ ಕೆಲವು ಮತ್ತೆ ನೀರಿಗೆ ಇಳಿದವು. ನನ್ನ ಕೇಳಿದರೆ ಇವುಗಳನ್ನು ನೀರು ಹುಳ ಅನ್ನೋದಕ್ಕಿಂತ ಒದ್ದೆ ಹುಳ ಅನ್ನೋದು ಸರಿ.

ಪೂರಾ ನೀರಿನದು ಅನ್ನಿಸಿಕೊಂಡ ಹೈಡ್ರೋಫಿಲಸ್‌ಗೂ ನೆಲ ಬಿಟ್ಟರೆ ಗತಿಯಿಲ್ಲ. ತಾಯಿ ಹುಳ ಹೊಟ್ಟೆಯ ತುದಿಯಿಂದ ರೇಷ್ಮೆ ತೆಗೆದು ತೇಲುವ ಪುಟ್ಟ ತೊಟ್ಟಿಲು ನೇಯುತ್ತದೆ, ಅದರ ಮೇಲೆ ದೋಣಿಯ ಕಂಬದ ಹಾಗೆ ಒಂದು ಕೊಂಬು ಎದ್ದು ನಿಂತಿರುತ್ತದೆ. ಒಳಗೆ ಮೊಟ್ಟೆಗಳು. ಹೊರಬಂದ ಮರಿಹುಳ ಮಾತ್ರ ಅಪ್ಪ ಅಮ್ಮನ ಹಾಗೆ ಪಾಚಿ ಕೊಳೆ ತಿಂದುಕೊಂಡಿರುವ ಸಾಧು ಅಲ್ಲ, ಬಸವನಹುಳವನ್ನು ಹಿಡಿದು ತಿನ್ನುವ ಬೇಟೆಗಾರ. ಬೆಳೆದ ಮೇಲೆ ಅದು ನೀರಿನಿಂದ ಹತ್ತಿ ದಡದ ಒದ್ದೆ ಮಣ್ಣಿನಲ್ಲಿ ಗೂಡು ಮಾಡಿ ಕೋಶವಾಗುತ್ತದೆ. ಹಾಗಾಗಿ ಕೆರೆಯ ಸುತ್ತ ನೇರವಾಗಿ ಕಾಂಕ್ರೀಟ್ ಗೋಡೆ ಎಬ್ಬಿಸಿ, ಜೊಂಡು ಕಿತ್ತು, ವಾಕಿಂಗ್ ದಾರಿ ಮಾಡಿ ಅಭಿವೃದ್ಧಿ ಅಂತ ಬೋರ್ಡ್ ಹಾಕಿದರೆ ಈ ಹುಳಕ್ಕೆ ನೀರು ಉಳಿದರೂ ಮನೆ ಉಳಿಯುವುದಿಲ್ಲ.

ಮತ್ತೆ ಬಲ್ಬಿಗೆ ಯಾಕೆ ಬರುತ್ತದೆ? ಇವು ಚೆನ್ನಾಗಿ ಹಾರುತ್ತವೆ. ಹೊಂಡ ಒಣಗಿದರೆ, ಹೊಸ ಮಳೆಗೆ ಹೊಸ ನೀರು ನಿಂತರೆ ರಾತ್ರಿ ಎದ್ದು ಹೊರಡುತ್ತವೆ, ದಾರಿಯಲ್ಲಿ ದೀಪ ಸಿಕ್ಕಿದರೆ ಅಲ್ಲಿ ಸುತ್ತಿ ಬೀಳುತ್ತವೆ. ನೀರಿನ ಮೇಲಿಂದ ಚಿಮ್ಮುವ ಬೆಳಕಿನ ಒಂದು ಗುಣವನ್ನು ನೋಡಿ ನೀರಿನ ಹುಳಗಳು ನೀರು ಎಲ್ಲಿದೆ ಅಂತ ಕಂಡುಹಿಡಿಯುತ್ತವೆ. ಮಿರಿಮಿರಿ ಮಿಂಚುವ ಕಪ್ಪು ಅಥವಾ ಕೆಂಪು ಕಾರಿನ ಮೇಲಿಂದಲೂ ಅಂಥದೇ ಬೆಳಕು ಬರುತ್ತದೆ ಅಂತ ಹಂಗೇರಿಯ ವಿಜ್ಞಾನಿಗಳು ತೋರಿಸಿದ್ದಾರೆ. ಬೆಳಿಗ್ಗೆ ಕಾರಿನ ಮೇಲೆ ನೀರು ಹುಳ ಬಿದ್ದಿದ್ದರೆ, ಅದು ನಿಮ್ಮ ಕಾರನ್ನು ಕೆರೆ ಅಂದುಕೊಂಡಿರಬಹುದು.

ಕಚ್ಚುವ ಮಾತು. ದೊಡ್ಡ ಹುಳ ಕಚ್ಚುವುದಿಲ್ಲ ಅಂತಲೇ ಹೇಳಬಹುದು. ಆದರೆ ಹೈಡ್ರೋಫಿಲಸ್‌ನ ಎದೆಯ ಅಡಿಯಲ್ಲಿ ಉದ್ದಕ್ಕೆ ಒಂದು ಏಣು, ಅದರ ಕೊನೆಯಲ್ಲಿ ಹಿಂದಕ್ಕೆ ಚಾಚಿದ ಮುಳ್ಳು ಇದೆ. ಮುಷ್ಟಿಯಲ್ಲಿ ಹಿಡಿದರೆ ಅದು ಕಾಲು ಒದ್ದು ಹಿಂದೆ ಸರಿಯುತ್ತದೆ, ಮುಳ್ಳು ಚುಚ್ಚುತ್ತದೆ, ಹಿಡಿದವರು ಕಚ್ಚಿತು ಅಂತ ಕೂಗುತ್ತಾರೆ. ಪಕ್ಕದಿಂದ ಎರಡು ಬೆರಳಲ್ಲಿ ಎತ್ತಿ. ಮುಳುಗು ಹುಳ ಆಗಿದ್ದರೆ ನಿಜವಾಗಿ ಕಚ್ಚಬಹುದು, ಅದಕ್ಕೇ ಬಕೆಟ್ ಪರೀಕ್ಷೆ ಹೇಳಿದ್ದು. ಹೈಡ್ರೋಫಿಲಸ್ ಮರಿಹುಳದ ದವಡೆಗೂ ಬೆರಳು ಕೊಡಬೇಡಿ.

ಹೋಗುವ ಮೊದಲು ಒಂದು ಕತೆ, ಕೇಳಿರದಿದ್ದರೆ. ರೆಜಿಂಬಾರ್ಟಿಯಾ ಅಟೆನ್ಯುಯೇಟಾ ಅಂತ ಇದೇ ಕುಟುಂಬದ ಪುಟ್ಟ ಕಪ್ಪು ಹುಳ ಇದೆ, ಜಪಾನಿನ ಗದ್ದೆಯಲ್ಲೂ ಇದೆ, ನಮ್ಮ ದೇಶದಲ್ಲೂ ಇದೆ. ಕೋಬೆ ವಿಶ್ವವಿದ್ಯಾಲಯದ ಶಿಂಜಿ ಸುಗಿಯುರಾ ಅದನ್ನು ಕಪ್ಪೆಗೆ ತಿನ್ನಿಸಿದರು. ಕಪ್ಪೆ ಗುಳುಂ ಅಂತ ನುಂಗಿತು. ಹುಳ ಒಳಗೆ ಸಾಯಲಿಲ್ಲ, ಹೊಟ್ಟೆ, ಕರುಳು ಎಲ್ಲ ದಾಟಿ ಕಪ್ಪೆಯ ಹಿಂದಿನಿಂದ ಜೀವಂತ ಹೊರಬಂತು! 2020ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ನುಂಗಿಸಿಕೊಂಡ ಹುಳಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಆರು ಗಂಟೆಯೊಳಗೆ ಹೀಗೆ ಪಾರಾದವು, ಒಂದಂತೂ ಆರೇ ನಿಮಿಷದಲ್ಲಿ. ಕಾಲುಗಳನ್ನು ಮೇಣದಿಂದ ಅಂಟಿಸಿ ಕೊಟ್ಟಾಗ ಒಂದೂ ಉಳಿಯಲಿಲ್ಲ. ಅಂದರೆ ಒಳಗೆ ನಡೆದುಕೊಂಡೇ ಬಂದಿವೆ.

ಇಷ್ಟು ಗಟ್ಟಿ ಕುಟುಂಬದವರಾದರೂ ನುಣುಪು ಸಿಮೆಂಟು ನೆಲದ ಮೇಲೆ ಬೆನ್ನಡಿಯಾಗಿ ಬಿದ್ದರೆ ಒದ್ದಾಡಿ ಒದ್ದಾಡಿ ಸುಸ್ತಾಗುತ್ತವೆ, ಬೆಳಗಾದರೆ ಇರುವೆ ಮುತ್ತಿರುತ್ತದೆ. ಜಗಲಿಯ ಲೈಟು ಆರಿಸಿ, ಒಂದು ರಟ್ಟಿನ ತುಂಡಿನಲ್ಲಿ ಮಗುಚಿ, ಅಂಗಳದ ಹುಲ್ಲಿಗೆ ಬಿಡಿ. ಹಾರಿ ಹೋಗುತ್ತದೆ, ಕೆರೆ ಎಲ್ಲಿದೆ ಅಂತ ಅದಕ್ಕೆ ಗೊತ್ತು.